ಬಸಿರಿನ ಕೂಸಿಗೆ ಯಾವ ಸರ್ವನಾಮ?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ನನ್ನ ಮನೆಗೆ ಬಂದರು. ಹತ್ತು ವರ್ಷ ಪಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತವರು ನಾವು. ಆದರೂ ಅವರು ನನ್ನ ಮನೆಯ ಮೆಟ್ಟಿಲು ಹತ್ತಿದ್ದು ಅದು ಎರಡನೆಯ ಸಲ. ಅವರ ಪತ್ನಿಗೆ ಐದನೆಯ ತಿಂಗಳಿನಲ್ಲಿ ಗರ್ಭಸ್ರಾವವಾಗಿ ಮೂರು ವಾರಗಳಾಗಿದ್ದುವು. ಅವರು ಕ್ರೈಸ್ತರು. ಸಭಾಪಾಲಕರ ಒಪ್ಪಿಗೆ ಪಡೆದು ಆ ಕೂಸನ್ನು ಸಮಾಧಿಭೂಮಿಯ ಒಂದು ಮೂಲೆಯಲ್ಲಿ, ತಮ್ಮ ತಂದೆಯ ಗೋರಿಯ ಬಳಿ, ಮಣ್ಣು ಮಾಡಿದ್ದರು. ಅಲ್ಲಿ ಒಂದು ಚಿಕ್ಕ ಕಲ್ಲು ನಿಲ್ಲಿಸಬೇಕೆಂದು ತಾಯಿಯ ಆಸೆ. ಕಲ್ಲಿನ ಮೇಲೆ ಕೆತ್ತಿಸಲು ಎರಡು ಸಾಲು ಕನ್ನಡ ಬರೆದುಕೊಡಿ ಎಂದು ಕೇಳುವುದಕ್ಕೆ ಅವರು ಬಂದಿದ್ದರು.

ಕಾಫಿ ಮುಗಿದ ಮೇಲೆ, "ಮೇಷ್ಟ್ರೇ, ಒಂದು ಸಂದೇಹ. 'ಅದು' ಎನ್ನಬೇಕೋ, 'ಅವನು' ಎನ್ನಬೇಕೋ?" ಎಂದರು.

ನಾನು ಇದನ್ನು ವ್ಯಾಕರಣದ ಪ್ರಶ್ನೆಯೆಂದೇ ತಿಳಿದೆ. ಮಗು, ಕೂಸು, ಶಿಶು ಇವು ಕನ್ನಡದಲ್ಲಿ ನಪುಂಸಕಲಿಂಗ. ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿರುವ ಮಗುವೂ ನಮ್ಮ ಮಾತಿನಲ್ಲಿ 'ಅಳುತ್ತದೆ', 'ನಗುತ್ತದೆ'. ಆದುದರಿಂದ ಹುಟ್ಟಿದ ಮಗುವಿಗೂ ಹುಟ್ಟದ ಮಗುವಿಗೂ ಕನ್ನಡ ವ್ಯಾಕರಣ ಭೇದವೆಣಿಸುವುದಿಲ್ಲ ಎಂದು ಪಾಠ ಹೇಳುವವನಂತೆ ಹೇಳಿದೆ. ಅವರು ತಲೆ ತಗ್ಗಿಸಿಕೊಂಡು ಕೇಳಿದರು. ಆಮೇಲೆ, "ಅಷ್ಟು ವ್ಯಾಕರಣ ನನಗೂ ಗೊತ್ತಿದೆ. ಆರನೆಯ ತಿಂಗಳು ತುಂಬದ್ದು ಮನುಷ್ಯನೇ ಅಲ್ಲ, ಅದಕ್ಕೆ ಕಲ್ಲೇಕೆ ಎಂದು ನಮ್ಮವರಲ್ಲೇ ಒಬ್ಬರು ಹೇಳಿದರು. ಮತ್ತೊಬ್ಬರು ಮೊದಲ ದಿನದಿಂದಲೇ ಮನುಷ್ಯನೆಂದರು. ಇಬ್ಬರೂ ಬೈಬಲಿನ ವಾಕ್ಯವನ್ನೇ ತೋರಿಸಿದರು. ನೀವು ಪದಗಳನ್ನು ಬಿಡಿಸಿ ನೋಡುವವರು, ಒಮ್ಮೆ ನೋಡಿ" ಎಂದು, ಚೀಲದಿಂದ ತಮ್ಮ ಮನೆಯ ಹಳೆಯ ಕನ್ನಡ ಸತ್ಯವೇದವನ್ನೂ ಒಂದು ದಪ್ಪನೆಯ ಇಂಗ್ಲಿಷ್ ವ್ಯಾಖ್ಯಾನವನ್ನೂ ತೆಗೆದಿಟ್ಟು ಹೊರಟುಹೋದರು.

ನಾನು ಆ ಮತದವನಲ್ಲ. ಹೀಬ್ರೂ ನನಗೆ ಬಾರದು. ಗ್ರೀಕ್ ಅಕ್ಷರಗಳನ್ನು ಗುರುತಿಸಬಲ್ಲೆ, ಅಷ್ಟೆ. ನಿಘಂಟು ವ್ಯಾಖ್ಯಾನಗಳ ಊರುಗೋಲು ಹಿಡಿದು ನಡೆದವನ ಮಾತು ಇದೆಂದು ಓದುಗರು ಮೊದಲೇ ತಿಳಿಯತಕ್ಕದ್ದು. ಆದರೆ ಕನ್ನಡ ಗದ್ಯದ ಚರಿತ್ರೆಯನ್ನು ಪಾಠ ಹೇಳುವವನಿಗೆ ಕನ್ನಡ ಬೈಬಲ್ ತೀರ ಪರಕೀಯವಾದುದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರು ಬಳ್ಳಾರಿಯಲ್ಲಿ ಕುಳಿತು ಅದನ್ನು ಕನ್ನಡಕ್ಕೆ ತಂದರು. ರೀವ್ ಕನ್ನಡ-ಇಂಗ್ಲಿಷ್ ನಿಘಂಟನ್ನೂ ರಚಿಸಿ ೧೮೩೨ರಲ್ಲಿ ಅಚ್ಚು ಹಾಕಿಸಿದನು. ಇಂದಿನ ಕನ್ನಡ ಬೈಬಲಿನ ಮೊದಲ ಎರಡು ಗ್ರಂಥಗಳಿಗೆ ಆದಿಕಾಂಡ, ವಿಮೋಚನಕಾಂಡ ಎಂದು ಹೆಸರು. 'ಕಾಂಡ' ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ರಾಮಾಯಣ ನೆನಪಾಗುತ್ತದೆ. ಅನುವಾದವೆಂದರೆ ಹೀಗೆಯೇ, ಒಂದು ಪದ ಬರುವಾಗ ತನ್ನ ಹಿಂದೆ ಒಂದು ಮನೆತನವನ್ನೇ ಕರೆದು ತರುತ್ತದೆ. ಈ ಮಾತು ಮುಂದೆ ನಮಗೆ ಬೇಕಾಗುವುದು.

ಮನುಷ್ಯಜೀವ ಎಂದಿನಿಂದ ಎಂಬ ಪ್ರಶ್ನೆ ಒಂದು ಮನೆಯ ದುಃಖಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಗರ್ಭಪಾತದ ಹಕ್ಕನ್ನು ಎತ್ತಿಹಿಡಿದ ತನ್ನ ೧೯೭೩ರ ತೀರ್ಪನ್ನು ೨೦೨೨ರಲ್ಲಿ ತಾನೇ ತಳ್ಳಿಹಾಕಿತು. ೨೦೨೪ರ ಫೆಬ್ರವರಿಯಲ್ಲಿ ಅಲಬಾಮಾ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಆಸ್ಪತ್ರೆಯ ಶೀತಪೆಟ್ಟಿಗೆಯಲ್ಲಿಟ್ಟಿದ್ದ ಭ್ರೂಣಗಳೂ ಕಾನೂನಿನ ಕಣ್ಣಿಗೆ ಮಕ್ಕಳೇ ಎಂದು ಹೇಳಿತು. ಅಲ್ಲಿನ ಮುಖ್ಯ ನ್ಯಾಯಾಧೀಶರು ಪ್ರತ್ಯೇಕವಾಗಿ ಬರೆದ ಅಭಿಪ್ರಾಯದಲ್ಲಿ ಆದಿಕಾಂಡವೂ ಯೆರೆಮೀಯನ ಗ್ರಂಥವೂ ಪ್ರಮಾಣಗಳಾಗಿ ಬಂದುವು. ಮಕ್ಕಳಿಲ್ಲದವರಿಗೆ ಚಿಕಿತ್ಸೆ ಮಾಡುತ್ತಿದ್ದ ಕೆಲವು ಆಸ್ಪತ್ರೆಗಳು ಹೆದರಿ ಕೆಲಸ ನಿಲ್ಲಿಸಿದುವು. ಮರುತಿಂಗಳೇ ಶಾಸನಸಭೆ ಅವರ ರಕ್ಷಣೆಗೆ ಹೊಸ ಶಾಸನ ಮಾಡಬೇಕಾಯಿತು.

ಹಾಗಾದರೆ ಆ ಗ್ರಂಥ ಹೇಳುವುದೇನು? ಹುಟ್ಟಿ ಉಸಿರಾಡಿದ ಮೇಲೆಯೇ ಮನುಷ್ಯ ಎನ್ನುವವರು ತೋರಿಸುವುದು ಆದಿಕಾಂಡದ ಎರಡನೆಯ ಅಧ್ಯಾಯವನ್ನು. ದೇವರು ನೆಲದ ಮಣ್ಣಿನಿಂದ ಆದಾಮನನ್ನು ಮಾಡಿ, ಮೂಗಿನಲ್ಲಿ ಉಸಿರೂದಿದಾಗ ಅವನು ಜೀವಿಯಾದನೆಂದು ಕಥೆ. ಜೀವಿ ಎಂಬಲ್ಲಿ ಹೀಬ್ರೂವಿನಲ್ಲಿ ಇರುವ ಮಾತು 'ನೆಫೆಷ್ ಹಯ್ಯಾ'. ನೆಫೆಷ್ ಎಂದರೆ ಗಂಟಲು, ಪ್ರಾಣ, ಹಸಿವು, ಆಸೆ ಎಲ್ಲವೂ ಆಗುತ್ತದೆ. ನಮ್ಮ 'ಪ್ರಾಣಿ' ಶಬ್ದ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಪ್ರಾಣವುಳ್ಳದ್ದು ಪ್ರಾಣಿ. ಆದರೆ ಈ ಮಾತನ್ನೇ ಅದೇ ಗ್ರಂಥ ಮೀನುಗಳಿಗೂ ಮೃಗಗಳಿಗೂ ಹೇಳಿದೆ. ಮೇಲಾಗಿ ಆದಾಮನಿಗೆ ತಾಯಿಯಿಲ್ಲ, ಬಸಿರಿಲ್ಲ, ಒಂಬತ್ತು ತಿಂಗಳಿಲ್ಲ. ಬಸಿರನ್ನೇ ಕಾಣದವನ ಕಥೆಯಿಂದ ಬಸಿರಿನೊಳಗಿರುವವನ ನ್ಯಾಯವನ್ನು ತೀರ್ಮಾನಿಸುವುದು ನನಗೆ ಸರಿಯಾಗಿ ಕಾಣಲಿಲ್ಲ.

ಮೊದಲ ದಿನದಿಂದಲೇ ಮನುಷ್ಯ ಎನ್ನುವವರು ಹೋಗುವುದು ಕವಿಗಳ ಬಳಿಗೆ. ಇಲ್ಲಿ ನಾನು ಎರಡು ರಾತ್ರಿ ನಿಂತುಬಿಟ್ಟೆ, ನಿಲ್ಲುವಂತಹ ಸ್ಥಳ. ೧೩೯ನೆಯ ಕೀರ್ತನೆಯಲ್ಲಿ ಭಕ್ತನು ದೇವರಿಗೆ, ತಾಯಿಯ ಬಸಿರಿನಲ್ಲಿ ತನ್ನನ್ನು ನೇಯ್ದವನು ನೀನೇ ಎನ್ನುತ್ತಾನೆ. ನೇಯ್ಗೆಯ ಮಾತಾದ ಮೇಲೆ ಬರುವ ಇನ್ನೊಂದು ಕ್ರಿಯಾಪದ ಬಣ್ಣದ ದಾರದಿಂದ ಚಿತ್ರ ತೆಗೆಯುವವನ ಕೆಲಸಕ್ಕೆ ಸೇರಿದ್ದು. ಗುಡಾರದ ಬಾಗಿಲಿನ ಪರದೆಯನ್ನು ಮಾಡಿದ ಕುಶಲಿಗೆ ವಿಮೋಚನಕಾಂಡ ಇದೇ ಧಾತುವನ್ನು ಬಳಸಿದೆ. ನಮ್ಮ ಧಾರವಾಡದ ಕಡೆಯ ಹೆಣ್ಣುಮಕ್ಕಳು ಇದನ್ನು ಕಸೂತಿ ಎಂದು ಒಂದೇ ಮಾತಿನಲ್ಲಿ ಹೇಳಿಯಾರು. ಅದರ ಮುಂದೆಯೇ 'ಗೋಲೆಮ್' ಎಂಬ ಪದ ಬರುತ್ತದೆ. ಹೀಬ್ರೂ ಬೈಬಲಿನಲ್ಲೆಲ್ಲ ಅದು ಬರುವುದು ಈ ಒಂದೇ ಕಡೆ. ಇನ್ನೂ ಆಕಾರ ತಾಳದ ಮುದ್ದೆ ಎಂದು ಅರ್ಥ ಮಾಡುತ್ತಾರೆ. ಮುಂದಿನ ಶತಮಾನಗಳಲ್ಲಿ ಯೆಹೂದ್ಯರ ಕಥೆಗಳಲ್ಲಿ ಮಣ್ಣಿನಿಂದ ಮಾಡಿ ಮಂತ್ರದಿಂದ ನಡೆಸಿದ ಬೊಂಬೆಗೆ ಈ ಹೆಸರೇ ಬಂದಿತು. ಕವಿ ಹೇಳುವುದಿಷ್ಟು: ನಾನು ಮುದ್ದೆಯಾಗಿದ್ದಾಗಲೂ ನಿನ್ನ ಕಣ್ಣಿಗೆ ಬಿದ್ದಿದ್ದೆ. ಮುದ್ದೆಯನ್ನು ಅವನು ಮನುಷ್ಯನೆಂದು ಕರೆಯಲಿಲ್ಲ. ಆದರೆ 'ನಾನು' ಎಂದು ಕರೆದನು. ನನ್ನ ಮಿತ್ರರು ಕೇಳಿದ ಎರಡು ಸರ್ವನಾಮಗಳನ್ನೂ ಬಿಟ್ಟು ಮೂರನೆಯದೊಂದನ್ನು ಕವಿ ಆರಿಸಿಕೊಂಡಿದ್ದಾನೆ!

ಯೋಬನದು ಬೇರೆ ಧ್ವನಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಮನುಷ್ಯ ಅವನು. ನನ್ನನ್ನು ಹಾಲಿನಂತೆ ಹೊಯ್ದು, ಗಿಣ್ಣಿನಂತೆ ಗಟ್ಟಿಮಾಡಿ, ಚರ್ಮ ಮಾಂಸ ಹೊದಿಸಿ, ಎಲುಬು ನರಗಳಿಂದ ಹೆಣೆದದ್ದು ಈಗ ಹೀಗೆ ಅರೆಯುವುದಕ್ಕೆ ತಾನೆ ಎಂದು ದೇವರನ್ನೇ ಜಗಳಕ್ಕೆ ಕರೆಯುತ್ತಾನೆ. ಹಾಲು ಹೆಪ್ಪುಗಟ್ಟುವ ಈ ಉಪಮೆ ಗ್ರೀಸಿನ ಅರಿಸ್ಟಾಟಲನಲ್ಲಿಯೂ ಇದೆ. ಹೆಪ್ಪು ಹಾಕಿದವರಿಗೆ ಗೊತ್ತು: ಯಾವ ಗಳಿಗೆಯಲ್ಲಿ ಹಾಲು ಹಾಲಾಗಿರುವುದನ್ನು ಬಿಟ್ಟಿತೆಂದು ಯಾರೂ ಹೇಳಲಾರರು. ಬೆಳಿಗ್ಗೆ ಮುಚ್ಚಳ ತೆಗೆದಾಗ ಮೊಸರು, ಅಷ್ಟೆ. ಇದೇ ಯೋಬನು ಮೂರನೆಯ ಅಧ್ಯಾಯದಲ್ಲಿ ತಾನು ಹುಟ್ಟಿದ ಹಗಲನ್ನು ಮಾತ್ರವಲ್ಲ, ಬಸಿರಿನಲ್ಲಿ ನಿಂತ ರಾತ್ರಿಯನ್ನೂ ಶಪಿಸುತ್ತಾನೆ. ಆ ರಾತ್ರಿ ನಿಂತದ್ದು ಒಬ್ಬ 'ಗೆಬೆರ್', ಎಂದರೆ ಗಂಡಾಳು, ಎನ್ನುತ್ತಾನೆ. ಕೆಲವೇ ಮಾತು ಕಳೆದು, ಬೆಳಕು ಕಾಣದೆ ಬಿದ್ದುಹೋದ ಪಿಂಡವಾಗಿದ್ದರೆ ಎಷ್ಟು ಸುಖವಾಗಿರುತ್ತಿತ್ತು ಎಂದು ಹಂಬಲಿಸುತ್ತಾನೆ. ದುಃಖದ ಬಾಯಿಂದ ಬಂದ ಇಂತಹ ಮಾತನ್ನು ಹಿಡಿದು ಕಾನೂನಿನ ಕಲಮು ಬರೆಯಹೊರಟವರ ಧೈರ್ಯ ದೊಡ್ಡದು.

ಅಲಬಾಮಾದ ತೀರ್ಪಿನಲ್ಲಿ ಬಂದ ಯೆರೆಮೀಯನ ಮಾತೂ ಹೀಗೆಯೇ. ಬಸಿರಿನಲ್ಲಿ ರೂಪಿಸುವುದಕ್ಕೆ ಮೊದಲೇ ನಿನ್ನನ್ನು ಅರಿತಿದ್ದೆನೆಂದು ದೇವರು ಆ ಪ್ರವಾದಿಗೆ ಹೇಳುತ್ತಾನೆ. 'ಮೊದಲೇ' ಎಂಬುದು ಇಲ್ಲಿಯ ಮುಖ್ಯ ಪದ. ಅದನ್ನು ಕಾಲದ ಲೆಕ್ಕವೆಂದು ಹಿಡಿದರೆ ಮನುಷ್ಯಜೀವ ಬಸಿರಿಗಿಂತಲೂ ಹಿಂದಕ್ಕೆ ಹೋಗಬೇಕಾಗುತ್ತದೆ. ಅಷ್ಟು ದೂರ ಹೋಗಲು ಆ ವಾಕ್ಯವನ್ನು ಪ್ರಮಾಣವಾಗಿ ತೋರಿಸುವವರೂ ಸಿದ್ಧರಿಲ್ಲ. ಹಿಂಜರಿಯುತ್ತಿರುವ ಒಬ್ಬ ತರುಣನನ್ನು ಕಾರ್ಯಕ್ಕೆ ಕರೆಯುವ ಸಂದರ್ಭದ ಮಾತು ಅದು.

ಹೊಸ ಒಡಂಬಡಿಕೆಯಲ್ಲಿ ಲೂಕನು ಹೇಳುವ ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದು. ಮರಿಯಳು ತನ್ನ ನಂಟಳಾದ ಎಲಿಸಬೇತಳ ಮನೆಗೆ ಬಂದು ವಂದಿಸಿದಾಗ, ಆರು ತಿಂಗಳು ತುಂಬಿದ್ದ ಎಲಿಸಬೇತಳ ಬಸಿರಿನಲ್ಲಿ ಕೂಸು ನಲಿದಾಡಿತು. ಅಲ್ಲಿರುವ ಗ್ರೀಕ್ ಪದ 'ಬ್ರೆಫೊಸ್'. ಮುಂದಿನ ಅಧ್ಯಾಯದಲ್ಲಿ ಗೋದಲಿಯಲ್ಲಿ ಮಲಗಿರುವ ಯೇಸುವಿಗೂ ಲೂಕನು ಅದೇ ಪದವನ್ನು ಬಳಸುತ್ತಾನೆ. ಒಳಗಿದ್ದಾಗಲೂ ಹೊರಗೆ ಬಂದಾಗಲೂ ಒಂದೇ ಹೆಸರು. ನಿಘಂಟಿನಲ್ಲಿ ನೋಡಿ ನನಗೆ ಸೋಜಿಗವಾದದ್ದು ಇನ್ನೊಂದು ಸಂಗತಿ: ಗ್ರೀಕಿನಲ್ಲಿ ಆ ಶಬ್ದ ನಪುಂಸಕಲಿಂಗ, ನಮ್ಮ ಕೂಸಿನ ಹಾಗೆಯೇ. ಎರಡು ಕೂಸುಗಳಿಗೂ ಅಲ್ಲಿ 'ಅದು' ಎಂದೇ ಸಲ್ಲುತ್ತದೆ. ಆ ಕಾರಣಕ್ಕೆ ಯಾರೂ ಅವನ್ನು ಕಡೆಗಣಿಸಲಿಲ್ಲ.

ಇಷ್ಟೆಲ್ಲ ಕಾವ್ಯ ಮತ್ತು ಕಥೆ. ಬಸಿರಿನಲ್ಲಿರುವುದಕ್ಕೆ ಬೆಲೆ ಕಟ್ಟಿ ಶಿಕ್ಷೆ ವಿಧಿಸುವ ನೇರವಾದ ಕಾನೂನಿನ ಮಾತು ಬೈಬಲಿನಲ್ಲಿ ನನಗೆ ಸಿಕ್ಕಿದ್ದು ಒಂದೇ: ವಿಮೋಚನಕಾಂಡದ ೨೧ನೆಯ ಅಧ್ಯಾಯ, ೨೨ನೆಯ ವಚನದಿಂದ. ಇಬ್ಬರು ಗಂಡಸರು ಹೊಡೆದಾಡುವಾಗ ಏಟು ಗರ್ಭಿಣಿಯೊಬ್ಬಳಿಗೆ ತಗಲಿ ಅವಳ ಮಕ್ಕಳು ಹೊರಗೆ ಬಂದರೆ, ಆದರೆ 'ಆಸೋನ್' ಆಗದಿದ್ದರೆ, ಗಂಡನು ಕೇಳಿದಷ್ಟನ್ನು ನ್ಯಾಯಾಧಿಪತಿಗಳ ಮುಂದೆ ದಂಡ ತೆರಬೇಕು. 'ಆಸೋನ್' ಆದರೆ ಪ್ರಾಣಕ್ಕೆ ಪ್ರಾಣ. ಆಸೋನ್ ಎಂದರೆ ಕೇಡು, ವಿಪತ್ತು. ಯಾರಿಗೆ? ಮೂಲ ಹೇಳುವುದಿಲ್ಲ. ತಾಯಿಗೆ ಎಂದು ಓದಿದರೆ, ಕೂಸು ಹೋದದ್ದಕ್ಕೆ ದಂಡ, ತಾಯಿ ಸತ್ತರೆ ಮಾತ್ರ ಪ್ರಾಣ. ಎಂದರೆ ಕಾನೂನಿನಲ್ಲಿ ಕೂಸು ಪೂರ್ಣ ಮನುಷ್ಯನಲ್ಲ. ಕೂಸಿಗೂ ಸೇರಿಸಿ ಓದಿದರೆ, ಅಕಾಲದಲ್ಲಿ ಹುಟ್ಟಿ ಬದುಕಿಕೊಂಡರೆ ದಂಡ, ಸತ್ತರೆ ಪ್ರಾಣಕ್ಕೆ ಪ್ರಾಣ. ಎಂದರೆ ಕೂಸು ತಾಯಿಯ ಸಮಾನ. ಒಂದು ವಿಭಕ್ತಿ ಪ್ರತ್ಯಯದ ಅಭಾವ ಎಷ್ಟು ದೂರ ಎಳೆದುಕೊಂಡು ಹೋಯಿತು ನೋಡಿ!

ಎರಡೂ ಕಡೆಗೆ ಭಾಷೆಯ ಸಾಕ್ಷ್ಯ ಉಂಟು. 'ಹೊರಗೆ ಬರು' ಎಂಬ ಕ್ರಿಯಾಪದ ಸಾಮಾನ್ಯ ಜನನಕ್ಕೆ ಬಳಕೆಯಾದದ್ದು. ಗರ್ಭ ಹೋಗುವುದಕ್ಕೆ ಬೇರೆ ಧಾತು ಇದೆ, ಎರಡೇ ಅಧ್ಯಾಯಗಳ ಮುಂದೆ ಅದೂ ಬಂದಿದೆ. ಆದರೆ ಸತ್ತು ಹುಟ್ಟಿದ ಕೂಸಿಗೂ ಅರಣ್ಯಕಾಂಡ 'ಹೊರಗೆ ಬರು' ಎಂದೇ ಹೇಳುತ್ತದೆ. ಇನ್ನು ಆಸೋನ್ ಎಂಬ ಪದ. ಈ ಕಾನೂನನ್ನು ಬಿಟ್ಟರೆ ಹೀಬ್ರೂ ಬೈಬಲಿನಲ್ಲಿ ಅದು ಬರುವುದು ಯೋಸೇಫನ ಕಥೆಯಲ್ಲಿ ಮಾತ್ರ. ಒಬ್ಬ ಮಗನನ್ನು ಆಗಲೇ ಕಳೆದುಕೊಂಡ ಮುದುಕ ಯಾಕೋಬನು ಕಿರಿಯ ಮಗ ಬೆನ್ಯಾಮೀನನನ್ನು ಐಗುಪ್ತಕ್ಕೆ ಕಳುಹಿಸಲು ಒಲ್ಲದೆ, ದಾರಿಯಲ್ಲಿ ಅವನಿಗೇನಾದರೂ ಆದೀತೆಂದು ಅಂಜುವಲ್ಲಿ. ಮಗುವನ್ನು ಕಳೆದುಕೊಂಡ ತಂದೆಯ ಬಾಯಲ್ಲಿ ಬರುವ ಪದ! ಇದು ತರ್ಕವಲ್ಲವೆಂದು ನಾನು ಬಲ್ಲೆ. ಆದರೂ ಪುಸ್ತಕ ತಂದುಕೊಟ್ಟವರ ಮುಖ ಆಗ ನೆನಪಿಗೆ ಬಂದಿತು.

ಕ್ರಿಸ್ತಪೂರ್ವ ಮೂರು-ಎರಡನೆಯ ಶತಮಾನಗಳಲ್ಲಿ ಅಲೆಕ್ಸಾಂಡ್ರಿಯದ ಯೆಹೂದ್ಯ ಪಂಡಿತರು ಈ ಗ್ರಂಥಗಳನ್ನು ಗ್ರೀಕಿಗೆ ತಂದರು. ಎಪ್ಪತ್ತು ಮಂದಿಯ ಅನುವಾದವೆಂದು ಅದಕ್ಕೆ ಹೆಸರು. ಆಸೋನ್ ಎಂಬಲ್ಲಿ ಅನುವಾದಕನು ಕೇಡು ಎಂದು ಬರೆಯಲೇ ಇಲ್ಲ. ಹೊರಬಂದ ಕೂಸು 'ರೂಪಗೊಂಡಿರದಿದ್ದರೆ' ದಂಡ, 'ರೂಪಗೊಂಡಿದ್ದರೆ' ಪ್ರಾಣಕ್ಕೆ ಪ್ರಾಣ ಎಂದು ಬರೆದನು. ಅವನು ಆರಿಸಿದ ಶಬ್ದದ ಹೊಟ್ಟೆಯಲ್ಲಿ 'ಐಕೋನ್', ಅಂದರೆ ಪ್ರತಿರೂಪ, ಇದೆ. ದೇವರ ಸ್ವರೂಪದಲ್ಲಿ ಮನುಷ್ಯನು ಸೃಷ್ಟಿಯಾದನೆಂಬ ಆದಿಕಾಂಡದ ಮಾತಿನಲ್ಲಿ ಗ್ರೀಕರು ಓದುವುದೂ ಅದನ್ನೇ. ಗಂಡುಪಿಂಡಕ್ಕೆ ನಲವತ್ತು ದಿನ, ಹೆಣ್ಣುಪಿಂಡಕ್ಕೆ ತೊಂಬತ್ತು ದಿನ ಎಂದು ಅರಿಸ್ಟಾಟಲನು ಲೆಕ್ಕ ಹೇಳಿದ್ದ ಕಾಲ. ಮೂಲದಲ್ಲಿ ಇಲ್ಲದ ಒಂದು ಗೆರೆ ಹೀಗೆ ಬಸಿರಿನ ನಡುವೆ ಬಿದ್ದಿತು. ಈ ಅನುವಾದದ ಲ್ಯಾಟಿನ್ ರೂಪವನ್ನು ಓದಿದ ಅಗಸ್ಟಿನನು ರೂಪಗೊಂಡ, ರೂಪಗೊಳ್ಳದ ಎಂಬ ಭೇದವನ್ನು ಕುರಿತು ಚಿಂತಿಸಿದನು. ಅವನ ಸಮಕಾಲೀನನಾದ ಜೆರೋಮನು ಬೆತ್ಲೆಹೇಮಿನಲ್ಲಿ ಕುಳಿತು ಹೀಬ್ರೂವಿನಿಂದಲೇ ಅನುವಾದಿಸಿ, ಗರ್ಭಸ್ರಾವವಾಗಿ ತಾಯಿ ಬದುಕಿದ್ದರೆ ಎಂದು ಸ್ಪಷ್ಟಪಡಿಸಿದನು. ಯೆಹೂದ್ಯ ಪರಂಪರೆಯೂ ಆಸೋನ್ ತಾಯಿಗೇ ಎಂದು ಹಿಡಿಯಿತು. ಹೆರಿಗೆ ಕಠಿನವಾಗಿ ತಾಯಿಯ ಪ್ರಾಣಕ್ಕೆ ಬಂದರೆ ಪಿಂಡವನ್ನು ಕತ್ತರಿಸಿ ತೆಗೆಯಬಹುದು, ಅವಳ ಪ್ರಾಣ ಮೊದಲು. ಆದರೆ ಕೂಸಿನ ಹೆಚ್ಚಿನ ಭಾಗ ಹೊರಗೆ ಬಂದಿದ್ದರೆ ಮುಟ್ಟಕೂಡದು ಎಂದು ಅವರ ಮಿಷ್ನಾ ಗ್ರಂಥದ ವಿಧಿ.

ಇದು ಹಳೆಯ ಕಾಲದ ಮಾತೆಂದು ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಬಹಳ ಬಳಕೆಯಲ್ಲಿರುವ 'ನ್ಯೂ ಅಮೆರಿಕನ್ ಸ್ಟಾಂಡರ್ಡ್' ಎಂಬ ಇಂಗ್ಲಿಷ್ ಬೈಬಲಿನ ೧೯೭೭ರ ಮುದ್ರಣದಲ್ಲಿ ಈ ವಚನಕ್ಕೆ ಗರ್ಭಸ್ರಾವವೆಂಬ ಅರ್ಥವಿತ್ತು. ೧೯೯೫ರ ಪರಿಷ್ಕರಣದಲ್ಲಿ ಅದು ಅಕಾಲ ಪ್ರಸವವಾಯಿತು. ನಡುವೆ ಹದಿನೆಂಟು ವರ್ಷ. ಹೀಬ್ರೂ ಮೂಲದ ಒಂದಕ್ಷರವೂ ಬದಲಾಗಿರಲಿಲ್ಲ. ಗರ್ಭಪಾತದ ವಾದ ಆ ದೇಶದಲ್ಲಿ ಮನೆಮನೆಗೂ ನುಗ್ಗಿತ್ತು. ಅನುವಾದಕರ ಮನಸ್ಸಿನಲ್ಲಿ ಏನಿತ್ತೆಂದು ನಾನು ಹೇಳಲಾರೆ. ಆದರೆ ಆ ವಚನವನ್ನು ಇಂಗ್ಲಿಷಿನಲ್ಲಿ ಮಾತ್ರ ಓದಿದ ತಾಯಿಗೂ ಅವಳ ಮಗಳಿಗೂ ಸಿಕ್ಕಿದ್ದು ಎರಡು ಬೇರೆ ಕಾನೂನುಗಳು.

ಒಂದು ಮಾತನ್ನು ಬಿಟ್ಟರೆ ಅನ್ಯಾಯವಾದೀತು. ಎಂದಿನಿಂದ ಮನುಷ್ಯ ಎಂಬುದರಲ್ಲಿ ಒಡಕಿದ್ದರೂ, ಗರ್ಭಪಾತ ತಪ್ಪು ಎಂಬುದರಲ್ಲಿ ಆದಿಯ ಕ್ರೈಸ್ತರು ಒಂದೇ ಧ್ವನಿಯಲ್ಲಿ ಮಾತಾಡಿದರು. 'ದಿದಾಖೆ' ಎಂಬ ಅತಿ ಪ್ರಾಚೀನವಾದ ಬೋಧೆಯಲ್ಲಿಯೇ ಅದರ ನಿಷೇಧವಿದೆ. ನಾಲ್ಕನೆಯ ಶತಮಾನದ ಬೇಸಿಲನು, ರೂಪಗೊಂಡಿತ್ತೇ ಇಲ್ಲವೇ ಎಂಬ ಸೂಕ್ಷ್ಮಗಳು ನಮಗೆ ಬೇಡವೆಂದು ಬರೆದನು. ಆದರೂ ಶಿಕ್ಷೆಯ ಲೆಕ್ಕದಲ್ಲಿ ಆ ಗೆರೆ ಅಳಿಯಲಿಲ್ಲ. ೧೫೮೮ರಲ್ಲಿ ಐದನೆಯ ಸಿಕ್ಸ್ಟಸ್ ಪೋಪ್ ಅದನ್ನು ಅಳಿಸಿದನು, ೧೫೯೧ರಲ್ಲಿ ಹದಿನಾಲ್ಕನೆಯ ಗ್ರೆಗರಿ ಮತ್ತೆ ಎಳೆದನು, ೧೮೬೯ರಲ್ಲಿ ಒಂಬತ್ತನೆಯ ಪಯಸ್ ಮತ್ತೆ ಅಳಿಸಿದನು.

ಈ ಗೆರೆಗಳ ಭಾರ ಎಷ್ಟೆಂದು ಕನ್ನಡಿಗರಿಗೆ ತಿಳಿಯದ ವಿಷಯವಲ್ಲ. ಐರ್ಲೆಂಡಿನ ಸಂವಿಧಾನಕ್ಕೆ ೧೯೮೩ರಲ್ಲಿ, ಹುಟ್ಟದ ಕೂಸಿನ ಜೀವದ ಹಕ್ಕು ತಾಯಿಯ ಹಕ್ಕಿಗೆ ಸಮಾನವೆಂಬ ತಿದ್ದುಪಡಿ ಸೇರಿತು. ೨೦೧೨ರ ಅಕ್ಟೋಬರಿನಲ್ಲಿ, ತವರು ಬೆಳಗಾವಿಯಾದ ದಂತವೈದ್ಯೆ ಸವಿತಾ ಹಾಲಪ್ಪನವರ ಅಲ್ಲಿನ ಗಾಲ್ವೇ ನಗರದಲ್ಲಿ ಹದಿನೇಳು ವಾರಗಳ ಬಸಿರಿಯಾಗಿ ಆಸ್ಪತ್ರೆ ಸೇರಿದಳು. ಗರ್ಭ ಉಳಿಯದೆಂದು ವೈದ್ಯರಿಗೆ ಗೊತ್ತಿತ್ತು. ಇಳಿಸಿಬಿಡಿ ಎಂದು ಆಕೆ ಕೇಳಿಕೊಂಡಳು. ಕೂಸಿನ ಎದೆ ಬಡಿಯುತ್ತಿದೆ, ಆದುದರಿಂದ ಆಗದು ಎಂದು ಉತ್ತರ ಬಂದಿತು. ರಕ್ತಕ್ಕೆ ನಂಜೇರಿ ೨೮ನೆಯ ತಾರೀಖು ಆಕೆ ತೀರಿಕೊಂಡಳು. ಆಗ ಆಕೆಗೆ ೩೧ ವರ್ಷ. ೨೦೧೮ರ ಮೇ ತಿಂಗಳಲ್ಲಿ ಆ ದೇಶದ ಜನ ಮತ ಹಾಕಿ, ಶೇಕಡಾ ೬೬ಕ್ಕೂ ಹೆಚ್ಚು ಬಹುಮತದಿಂದ ತಿದ್ದುಪಡಿಯನ್ನು ತೆಗೆದುಹಾಕಿದರು. ವಿಮೋಚನಕಾಂಡದ ಆ ವಚನವೇ ಆಕೆಯನ್ನು ಕೊಂದಿತೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ಆದರೆ ಕೇಡು ಯಾರಿಗೆ ಎಂಬ ಪ್ರಶ್ನೆಯನ್ನು ಆ ವಾರ್ಡಿನಲ್ಲಿ ಯಾರಾದರೂ ಸಕಾಲದಲ್ಲಿ ಕೇಳಬೇಕಾಗಿತ್ತು.

ನನಗೆ ತೋರಿದ ಮಟ್ಟಿಗೆ, ಎಂದಿನಿಂದ ಎಂಬ ನಮ್ಮ ಪ್ರಶ್ನೆಯನ್ನು ಬೈಬಲ್ ಕೇಳಿಕೊಂಡೇ ಇಲ್ಲ. ಕೇಳಿಕೊಳ್ಳುವುದಕ್ಕೆ ಅದರ ಕಾಲದಲ್ಲಿ ಸಾಮಗ್ರಿಯೂ ಇರಲಿಲ್ಲ. ಸಸ್ತನಿಗಳ ಅಂಡಾಣುವನ್ನು ಫಾನ್ ಬೇರ್ ಕಂಡದ್ದು ೧೮೨೭ರಲ್ಲಿ. ಅಂಡದಲ್ಲಿ ಎರಡು ಬೀಜಕೇಂದ್ರಗಳು ಕೂಡುವುದನ್ನು ಹರ್ಟ್‌ವಿಗ್ ಕಡಲ ಜೀವಿಯೊಂದರಲ್ಲಿ ತೋರಿಸಿದ್ದು ೧೮೭೬ರಲ್ಲಿ. ಅದಕ್ಕೆ ಮುಂಚೆ ಮೊದಲ ದಿನ ಎಂಬುದು ಯಾರ ಕಣ್ಣಿಗೂ ಬಿದ್ದುದಲ್ಲ. ಪ್ರಸಂಗಿಯ ಗ್ರಂಥ ನೇರವಾಗಿ, ಬಸಿರಿನಲ್ಲಿ ಎಲುಬು ಬೆಳೆಯುವ ಬಗೆ ನಿನಗೆ ತಿಳಿಯದು ಎಂದು ಕೈಬಿಟ್ಟಿದೆ. ತಾರೀಖನ್ನು ಕೇಳಲು ಹೋದವರಿಗೆ ಅಲ್ಲಿ ಸಿಗುವವನು ಅನುವಾದಕ.

ಮರುವಾರ ಮಿತ್ರರ ಮನೆಗೆ ಹೋಗಿ ಇದನ್ನೆಲ್ಲ ಸಂಕ್ಷೇಪವಾಗಿ ಹೇಳಿದೆ. ನಾನು ಬರೆದೊಯ್ದ ಎರಡು ಸಾಲಿನಲ್ಲಿ ಸರ್ವನಾಮವೇ ಬಾರದಂತೆ ಎಚ್ಚರ ವಹಿಸಿದ್ದೆ. ಕನ್ನಡದಲ್ಲಿ ಅದು ಕಷ್ಟವಲ್ಲ. ತಂದೆತಾಯಿಗಳ ಹೆಸರು, ಆಮೇಲೆ 'ಇವರ ಕೂಸು', ಕೆಳಗೆ ತಾರೀಖು, ಅದರ ಕೆಳಗೆ 'ಕೀರ್ತನೆ ೧೩೯'. ತಾರೀಖು ಒಂದೇ. ಅವರು ಓದಿ ಪತ್ನಿಯ ಕೈಗೆ ಕೊಟ್ಟರು. ಆಕೆ ನಮ್ಮ ಮಾತಿನ ನಡುವೆ ಒಂದು ಸಲವೂ ಬಾಯಿ ಹಾಕಿರಲಿಲ್ಲ. ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು, ಪೆನ್ನು ಕೇಳಿ ತೆಗೆದುಕೊಂಡು, 'ಕೂಸು' ಎಂಬುದನ್ನು ಹೊಡೆದುಹಾಕಿ 'ಮಗ' ಎಂದು ಬರೆದರು. "ತಪ್ಪಿಲ್ಲ ತಾನೆ, ಮೇಷ್ಟ್ರೇ?" ಎಂದು ಅವರು ನನ್ನನ್ನು ಕೇಳಿದರು. ಇಲ್ಲವೆಂದೆ. ಕಲ್ಲು ಕೆತ್ತುವವನು ಅಕ್ಷರಕ್ಕೆ ಇಷ್ಟೆಂದು ಕೂಲಿ ಕೇಳಿದ್ದನಂತೆ. ಎರಡೂ ಎರಡಕ್ಷರದ ಮಾತೇ.